ಸಹಿ ನಮ್ಮದಲ್ಲ, ಕೆಲಸ ನಮ್ಮದೇ

"ವಕೀಲಿಕಿ ಅಲ್ಲ, ಸಿಎ ಅಲ್ಲ, ಮತ್ತ ಏನ್ ನೌಕರಿ ಮಾಡ್ತಿ ತಂಗಿ?" ರಾಯಬಾಗ ಕಡೆ ಯಾವ ಮದುವೆಗೆ ಹೋದರೂ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನಾನು ಪುಣೆಯ ಲಾ ಫರ್ಮ್ ಒಂದರಲ್ಲಿ ಕಾರ್ಪೊರೇಟ್ ಪ್ಯಾರಾಲೀಗಲ್. ನಮ್ಮೂರ ಕಡೆಯ ಬಿಕಾಂ, ಬಿಎ ಮುಗಿಸಿದವರು ಈ ಕೆಲಸದ ಬಗ್ಗೆ ಕೇಳುತ್ತಿರುತ್ತಾರೆ. ಹಾಗಾಗಿ ಈ ವಾರ ಅದೇ ವಿಷಯ.

ಮೊದಲು ಒಂದು ಗೊಂದಲ ಬಿಡಿಸೋಣ. ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರು ಬೇರೆ, ನಾವು ಬೇರೆ. ಅವರು ಜನರಿಗೆ ಉಚಿತ ಕಾನೂನು ನೆರವಿನ ದಾರಿ ತೋರಿಸುತ್ತಾರೆ. ನಾವು ಕಂಪನಿಗಳ ಕಾಗದಪತ್ರ ಕಾಯುತ್ತೇವೆ: ಬೋರ್ಡ್ ಸಭೆಯ ನೋಟಿಸು, ಠರಾವಿನ ಕರಡು, ಮಿನಿಟ್ಸ್ ಬುಕ್, ಒಪ್ಪಂದಗಳ ಪರಿಶೀಲನೆ, ಎಲ್ಲಕ್ಕಿಂತ ಹೆಚ್ಚಾಗಿ ತಾರೀಖುಗಳು.

ಯಾಕೆ ತಾರೀಖು? ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರದ ಎಒಸಿ-4, 60 ದಿನದೊಳಗೆ ವಾರ್ಷಿಕ ವಿವರದ ಎಂಜಿಟಿ-7 ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರೇ ಐದು ವರ್ಷ ಅನರ್ಹ. 2017ರಲ್ಲಿ ದೇಶದಾದ್ಯಂತ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಹೀಗೆ ಅನರ್ಹರಾದರು. ಇದು ದೊಡ್ಡ ನಗರದ ಮಾತಷ್ಟೇ ಅಲ್ಲ. ಹತ್ತು ರೈತರು ಸೇರಿದರೆ ಉತ್ಪಾದಕ ಕಂಪನಿ ಕಟ್ಟಬಹುದು. ಅದಕ್ಕೂ ಕಂಪನಿ ಕಾಯ್ದೆಯೇ. ಕಬ್ಬು, ಅರಿಶಿಣ ಬೆಳೆಯುವವರು ನಿರ್ದೇಶಕರಾಗಿ ಕೂತಾಗ ಈ ತಾರೀಖು ನೆನಪಿಡುವವರು ಒಬ್ಬರು ಬೇಕೇ ಬೇಕು.

ನಮ್ಮ ಕಡೆಯವರಿಗೆ ಇದರಲ್ಲೊಂದು ಅನುಕೂಲವಿದೆ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ ಕಾರ್ಖಾನೆ ಇರುವ ಉಗಾರ ಶುಗರ್ ವರ್ಕ್ಸ್ 1939ರ ಕಂಪನಿ. ಅದರ ನೋಂದಾಯಿತ ಕಚೇರಿ ಇರುವುದು ಮಹಾರಾಷ್ಟ್ರದ ಸಾಂಗ್ಲಿಯಲ್ಲಿ. ಇಂಥ ಕಡೆ ಒಂದು ಫೈಲು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಕೇಳುತ್ತದೆ. ಜಮೀನಿನ ದಾಖಲೆ ಇಲ್ಲಿ ಉತಾರ, ನದಿ ಆಚೆ ಸಾತ್‌ಬಾರಾ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ ಹಳೆಯ ಕಾಗದ ಮರಾಠಿಯಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ನಾವು ಸಹಜವಾಗಿ ಆಡುವ ಎರಡು ಭಾಷೆ ಆಫೀಸಿನಲ್ಲಿ ಕೌಶಲ್ಯ ಅನ್ನಿಸಿಕೊಳ್ಳುತ್ತದೆ. ರೆಸ್ಯೂಮೆಯಲ್ಲಿ ಅದನ್ನು ಕೊನೆಯ ಸಾಲಿಗೆ ತಳ್ಳಬೇಡಿ.

ಈಗ ಕಹಿ ಮಾತು. ಭಾರತದಲ್ಲಿ ಪ್ಯಾರಾಲೀಗಲ್‌ಗೆ ಪ್ರತ್ಯೇಕ ಲೈಸೆನ್ಸ್ ಇಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ವಕಾಲತ್ತು ಮಾಡುವ ಹಕ್ಕು ವಕೀಲರದ್ದು ಮಾತ್ರ. ನಾವು ರಾತ್ರಿ ಹತ್ತರವರೆಗೆ ಕೂತು ತಯಾರಿಸಿದ ಕಾಗದಕ್ಕೆ ಬೇರೆಯವರ ಸಹಿ ಬೀಳುತ್ತದೆ. ಆರಂಭದ ಸಂಬಳ ಐಟಿ ಗೆಳೆಯರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಮೂರ್ನಾಲ್ಕು ವರ್ಷವಾದ ಮೇಲೆ ಮುಂದೇನು ಅನ್ನೋ ಪ್ರಶ್ನೆ ಎದುರಾಗುತ್ತದೆ.

ಆದ್ದರಿಂದ ಇದನ್ನು ಮೆಟ್ಟಿಲು ಅಂತ ಎಣಿಸಿ, ಅದರ ಲೆಕ್ಕ ಮೊದಲೇ ಹಾಕಿ. ಸಿಎಸ್ ಪರೀಕ್ಷೆಗೆ ಕೆಲಸದ ಜೊತೆಗೇ ಓದಬಹುದು. ಪದವಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಬೆಳಗಾವಿಯಲ್ಲೂ ಚಿಕ್ಕೋಡಿಯಲ್ಲೂ ಕಾನೂನು ಕಾಲೇಜುಗಳಿವೆ. ಆದರೆ ದೂರಶಿಕ್ಷಣದ ಎಲ್‌ಎಲ್‌ಬಿ ಹಿಡಿದು ವಕೀಲರಾಗಲು ಬರುವುದಿಲ್ಲ, ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. ಕೆಲಸ ಬಿಟ್ಟು ಮೂರು ವರ್ಷ ಓದಲು ಮನೆಯ ಪರಿಸ್ಥಿತಿ ಒಪ್ಪುತ್ತದೆಯೇ ಅನ್ನೋದನ್ನೂ ಮನೆಯವರ ಜೊತೆ ಕೂತು ಮಾತಾಡಿ.

ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ತಿಳಿಯಲು ಕೋರ್ಸ್ ಬೇಡ. ಮನೆಯಲ್ಲಿರುವ ಯಾವುದಾದರೂ ಕಂಪನಿಯ ಬಿಲ್ ತೆಗೆದುಕೊಳ್ಳಿ. ಅದರ ಮೇಲೆ 21 ಅಕ್ಷರ-ಅಂಕಿಗಳ ಸಿಐಎನ್ ಇರಬೇಕು. ಮೊದಲ ಅಕ್ಷರ ಎಲ್ ಇದ್ದರೆ ಷೇರುಪೇಟೆಯಲ್ಲಿರುವ ಕಂಪನಿ, ಯು ಇದ್ದರೆ ಅಲ್ಲ. ನಡುವಿನ ನಾಲ್ಕು ಅಂಕಿ ಹುಟ್ಟಿದ ವರ್ಷ. ಸಹಕಾರಿ ಕಾರ್ಖಾನೆಯ ಬಿಲ್ಲಾದರೆ ಸಿಐಎನ್ ಸಿಗುವುದಿಲ್ಲ, ಅದಕ್ಕೆ ಸಹಕಾರ ಕಾಯ್ದೆ. ಒಂದೇ ಹೊಲದ ಕಬ್ಬು, ಎರಡು ಕಾಯ್ದೆ. ಇದನ್ನು ಓದುವಾಗ ನಿಮಗೆ ಇನ್ನಷ್ಟು ಕೆದಕಬೇಕು ಅನ್ನಿಸಿದರೆ, ಅರ್ಜಿ ಹಾಕಿ.