ವಿದ್ಯುತ್ ಕಾರಿನ ಆರೈಕೆ
ವಿದ್ಯುತ್ ಕಾರಿನಲ್ಲಿ ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಸೈಲೆನ್ಸರ್ ಇಲ್ಲ. ಹಾಗೆಂದು ಅದು ಆರೈಕೆಯೇ ಬೇಡದ ವಾಹನವಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ವಿದ್ಯುತ್ ಕಾರಿನಲ್ಲಿದ್ದವು ಸೀಸ-ಆಮ್ಲದ ಬ್ಯಾಟರಿಗಳು. ಅವಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕಿತ್ತು, ಕೆಲವೇ ವರ್ಷಗಳಲ್ಲಿ ಇಡೀ ಸೆಟ್ಟನ್ನೇ ಬದಲಿಸಬೇಕಿತ್ತು. ಈಗಿನ ಲಿಥಿಯಂ ಬ್ಯಾಟರಿ ನೀರು ಕೇಳುವುದಿಲ್ಲ, ಆದರೆ ಸೆಕೆ ಅದಕ್ಕೆ ಆಗಿಬರದು: ಪೂರ್ತಿ ಚಾರ್ಜ್ ಮಾಡಿದ ಕಾರನ್ನು ಸುಡುಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಸಾಮರ್ಥ್ಯ ಬೇಗ ಕುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟೊಡನೆ ಮೋಟಾರೇ ಜನರೇಟರ್ ಆಗಿ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಸವೆಯುವುದು ನಿಧಾನ. ಕಾರಿನ ಭಾರಕ್ಕೆ ಟೈರ್ ಸವೆಯುವುದು ಮಾತ್ರ ಬೇಗ. ಬಹಳಷ್ಟು ಮಾಲೀಕರು ಮರೆಯುವುದು ಪುಟ್ಟ 12 ವೋಲ್ಟ್ ಬ್ಯಾಟರಿಯನ್ನು. ಅದು ಕೈಕೊಟ್ಟರೆ, ದೊಡ್ಡ ಬ್ಯಾಟರಿ ಪೂರ್ತಿ ತುಂಬಿದ್ದರೂ ಕಾರು ಚಾಲೂ ಆಗುವುದಿಲ್ಲ.