90 ದಿನಗಳ ಲೆಕ್ಕ

ವರ್ಷ ಮುಗಿಯುವಾಗ ಅಮೆರಿಕದ ಎಷ್ಟೋ ಹವ್ಯಾಸಿ ಪೈಲಟ್‌ಗಳು ತಮ್ಮ ಲಾಗ್‌ಬುಕ್ ತೆರೆದು ಲೆಕ್ಕ ಕೂಡಿಸುತ್ತಾರೆ: ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಇಳಿಸಿದೆ? ಇವರು ಸಂಬಳಕ್ಕೆ ಹಾರುವವರಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಇಂಧನದ ಖರ್ಚೂ ಕೈಯಿಂದಲೇ. ಪಕ್ಕದ ಊರಿಗೆ ಹಾರಿ ತಿಂದು ಬರುವುದಕ್ಕೆ ‘ನೂರು ಡಾಲರ್ ಹ್ಯಾಂಬರ್ಗರ್’ ಎಂದು ತಾವೇ ಹೆಸರಿಟ್ಟು ನಗುತ್ತಾರೆ.

ನನಗೆ ತುಂಬ ಹಿಡಿಸಿದ್ದು ಅಲ್ಲಿನ ಒಂದು ನಿಯಮ. ಹಿಂದಿನ 90 ದಿನಗಳಲ್ಲಿ ಕನಿಷ್ಠ 3 ಸಲ ವಿಮಾನ ಏರಿಸಿ ಇಳಿಸಿರದ ಪೈಲಟ್, ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಲೈಸೆನ್ಸ್ ಜೇಬಿನಲ್ಲಿದ್ದರೂ ಅಷ್ಟೇ. ಮೊದಲು ಕೈ ಪಳಗಬೇಕು, ಆಮೇಲೆ ಮನೆಯವರನ್ನು ಕರೆದೊಯ್ಯಬೇಕು.

ನಮ್ಮ ಅಂಕಪಟ್ಟಿಗೆ ಇಂಥ ನಿಯಮವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 95 ಬಂದಿತ್ತು ಎನ್ನುತ್ತೇವೆ. ಕೊನೆಯ ಲೆಕ್ಕ ಬಿಡಿಸಿದ್ದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಪರೀಕ್ಷೆಗಳಿವೆಯಲ್ಲ ಎನ್ನಬಹುದು. ಆದರೆ ಪರೀಕ್ಷೆ ಬೇರೆಯವರು ನಮ್ಮನ್ನು ಅಳೆಯುವುದು. ಲಾಗ್‌ಬುಕ್ ನಮ್ಮನ್ನು ನಾವೇ ಅಳೆದುಕೊಳ್ಳುವುದು.

ಭಾರತದಲ್ಲೂ ಈ ಲೈಸೆನ್ಸ್‌ಗೆ ಕನಿಷ್ಠ ವಯಸ್ಸು 17, ಅಂದರೆ ನಮ್ಮದೇ ಪ್ರಾಯ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯೂ ಇದೆ. ಹಾರುವ ಖರ್ಚು ನಮ್ಮಲ್ಲಿ ಹೆಚ್ಚಿನವರಿಗೆ ನಿಲುಕದು, ನಿಜ. ಲಾಗ್‌ಬುಕ್ ಇಡಲು ಮಾತ್ರ ಒಂದು ನೋಟ್‌ಬುಕ್ ಸಾಕು. ದಿನಾಂಕ, ವಿಷಯ, ಓದಿದ ಗಂಟೆ. ಸುಳ್ಳು ಬರೆಯಬಾರದು, ಅಷ್ಟೇ. ಗೆಳೆಯರೇ, ಈ ತಿಂಗಳೇ ಶುರು ಮಾಡೋಣ. 90 ದಿನಗಳ ನಂತರ ತೆರೆದು ನೋಡೋಣ.