ನೋಡಿಬರುವ ನೆಂಟರು

ವಿದೇಶದಲ್ಲಿರುವ ನೆಂಟರ ಊರಿನಲ್ಲಿ ನೆಲ ನಡುಗಿತೆಂದೋ ಹೊಳೆ ಉಕ್ಕಿತೆಂದೋ ಸುದ್ದಿ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ: “ಒಮ್ಮೆ ಹೋಗಿ ನೋಡಿಕೊಂಡು ಬರಬೇಕಪ್ಪ.” ಈ ಮಾತಿನ ಹಿಂದಿರುವ ಅಂತಃಕರಣವನ್ನು ನಾನು ಹಳಿಯುವವನಲ್ಲ. ಆದರೆ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಾದ್ದರಿಂದ ಕ್ರಿಯಾಪದಗಳ ವಿಷಯದಲ್ಲಿ ನನಗೆ ಸ್ವಲ್ಪ ಹಟ. ನೋಡಿಬರುವುದು ಬೇರೆ, ನೋಡಿಕೊಳ್ಳುವುದು ಬೇರೆ. ಮೊದಲನೆಯದು ನಮ್ಮ ಸಮಾಧಾನಕ್ಕೆ, ಎರಡನೆಯದು ಅವರ ನೆರವಿಗೆ. ಮೊದಲನೆಯದನ್ನು ಮಾಡಿ ಎರಡನೆಯದರ ಪುಣ್ಯವನ್ನು ಕಟ್ಟಿಕೊಳ್ಳುವ ಪದ್ಧತಿಯ ಮೇಲೆಯೇ ನನ್ನ ತಕರಾರು.

ನೇಪಾಳದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2015ರ ಏಪ್ರಿಲ್ 25ರಂದು, ನಡುಹಗಲಿಗೆ ಸ್ವಲ್ಪ ಮುಂಚೆ, ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ ಹುಟ್ಟಿದ 7.8 ಪ್ರಮಾಣದ ಕಂಪನ ಸುಮಾರು 9,000 ಜನರನ್ನು ಕೊಂದಿತು. ಸುಮಾರು 5 ಲಕ್ಷ ಮನೆಗಳು ನೆಲಕಚ್ಚಿದವು. ಅಂದು ಶನಿವಾರ, ಅಲ್ಲಿಯ ವಾರದ ರಜೆ. ಶಾಲೆಗಳು ಮುಚ್ಚಿದ್ದುದರಿಂದ ಎಷ್ಟೋ ಮಕ್ಕಳು ಉಳಿದುಕೊಂಡರು. ಮೇ 12ರಂದು 7.3 ಪ್ರಮಾಣದ ಇನ್ನೊಂದು ಕಂಪನ. ಕಠ್ಮಂಡುವಿನ ಜನ ತುಂಡಿಖೇಲ್ ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿದರು. ಅಲ್ಲಿಯ ವಿಮಾನ ನಿಲ್ದಾಣಕ್ಕಿದ್ದುದು ಒಂದೇ ರನ್‌ವೇ. ಅದೂ ಜಖಂಗೊಂಡು, ಮೇ ಮೊದಲ ವಾರದಲ್ಲಿ ದೊಡ್ಡ ವಿಮಾನಗಳು ಇಳಿಯದಂತೆ ತಡೆಯಬೇಕಾಯಿತು.

ಇಂಥ ಊರಿಗೆ ನಮ್ಮವರು ಹೊರಟರು. ಪಾಟನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಮನೆ ಬಿರುಕುಬಿಟ್ಟು ಸಂಸಾರವೆಲ್ಲ ಡೇರೆಯಲ್ಲಿತ್ತು. ಮೇ ಕೊನೆಯಲ್ಲಿ ನಾಲ್ವರು ಬಂಧುಗಳು ಹೋಗಿ ಐದು ದಿನ ಇದ್ದರು. ಅವರಿಗೆ ಜಾಗ ಬಿಟ್ಟುಕೊಟ್ಟು ಆಕೆ ಹೊರಗೆ ಮಲಗಿದಳು. ಕುಡಿಯುವ ನೀರನ್ನು ಕಾಯಿಸಿ ಆರಿಸಿ ಕೊಟ್ಟಳು. ಒಬ್ಬರಿಗೆ ಕಾಫಿಯಿಲ್ಲದೆ ತಲೆನೋವು ಬಂತೆಂದು ಕಾಫಿಪುಡಿಗಾಗಿ ಅರ್ಧ ಊರು ಅಲೆದಳು. ಬಂದವರು ಮುರಿದುಬಿದ್ದ ಧರಹರಾ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡರು. “ನಿಮ್ಮಲ್ಲಿ ಅಕ್ಕಿ ಎಷ್ಟಿದೆ ಅಂತ ಒಬ್ಬರೂ ಕೇಳಲಿಲ್ಲ, ಅಣ್ಣ” ಎಂದಳು ನನ್ನೊಡನೆ. ಆ ದಿನಗಳಲ್ಲೇ ನೇಪಾಳಿಗಳು ನಮ್ಮ ಟಿ.ವಿ. ವರದಿಗಾರರನ್ನು ‘ಮನೆಗೆ ಹೋಗಿ’ ಎಂದು ಟ್ವಿಟರಿನಲ್ಲಿ ಬೈದಾಗ ಇಲ್ಲಿ ಹಲವರು ಮುನಿಸಿಕೊಂಡರು. ವರದಿಗಾರರಿಗೆ ಹಾಗೆ ಹೇಳಬಹುದು. ನೆಂಟರಿಗೆ ಹೇಳುವ ಬಾಯಿ ಯಾರಿಗಿದೆ?

ಹೋದವರು ಇನ್ನೊಂದು ಮಾತನ್ನೂ ಹೊತ್ತು ತಂದರು: “ಪಶುಪತಿನಾಥನ ಗುಡಿ ಅಲುಗಲಿಲ್ಲ, ನೋಡಿ!” ಗುಡಿ ಉಳಿದದ್ದು ಸಂತೋಷವೇ. ಅಲ್ಲಿನ ಪೂಜೆಯಲ್ಲಿ ಕರ್ನಾಟಕದ ಭಟ್ಟರಿರುವುದು ನಮಗೆ ಅಭಿಮಾನದ ಸಂಗತಿಯೂ ಹೌದು. ಆದರೆ ಅದೇ ಕಂಪನಕ್ಕೆ ಕಾಷ್ಠಮಂಡಪ ಕುಸಿದು, ಅಲ್ಲಿ ನಡೆಯುತ್ತಿದ್ದ ರಕ್ತದಾನ ಶಿಬಿರಕ್ಕೆ ಬಂದವರು ಸತ್ತರು. ಅನ್ಯರಿಗೆ ರಕ್ತ ಕೊಡಲು ಬಂದವರು ಯಾವ ಪಾಪ ಮಾಡಿದ್ದರು? 1934ರ ಭೂಕಂಪ ನೇಪಾಳವನ್ನೂ ಬಿಹಾರವನ್ನೂ ಹಾಳುಮಾಡಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ತಾವೂ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಆ ತರ್ಕವನ್ನು ಬಹಿರಂಗವಾಗಿಯೇ ಅಲ್ಲಗಳೆದರು. ಮಹಾತ್ಮರ ಬಾಯಲ್ಲೇ ಸಲ್ಲದ ತರ್ಕ ನಮ್ಮ ಬಾಯಲ್ಲಿ ಸಂದೀತೆ?

“ಹಾಗಾದರೆ ಹೋಗಲೇಬಾರದೆ? ದುಡ್ಡು ಕಳಿಸಿ ಕೈ ತೊಳೆದುಕೊಳ್ಳಬೇಕೆ? ಅದೆಂಥ ಸಂಬಂಧ?” ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೋಗಬೇಕು, ನಮ್ಮ ಹಳ್ಳಿಯವರು ಸಾವಿನ ಮನೆಗೆ ಹೋಗುವಂತೆ ಹೋಗಬೇಕು. ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ನೆರೆಯವರೂ ನೆಂಟರೂ ಅಡುಗೆ ಮಾಡಿ ತರುತ್ತಾರೆ. ಬಂದವರನ್ನು ಉಪಚರಿಸುವ ಹೊರೆ ದುಃಖದಲ್ಲಿರುವವರ ಮೇಲಿಲ್ಲ. ಇದು ನಮ್ಮದೇ ಸಂಪ್ರದಾಯ. ಯಾವ ಪರದೇಶದಿಂದಲೂ ಕಲಿಯಬೇಕಾದ್ದಲ್ಲ. ವಿಮಾನದ ಟಿಕೆಟ್ಟು ಕೈಗೆ ಬಂದೊಡನೆ ಇದು ಮರೆತುಹೋಗುತ್ತದೆ. ಸಾವಿನ ಮನೆಗೆ ಹೊರಟವನು ಪ್ರವಾಸಿಯಾಗಿಬಿಡುತ್ತಾನೆ.

ಯಾವಾಗ ಹೋಗಬೇಕೆಂಬುದೂ ಮುಖ್ಯ. ನಾನು ಹೋದದ್ದು ಆ ವರ್ಷದ ಡಿಸೆಂಬರಿನಲ್ಲಿ. ಸೆಪ್ಟೆಂಬರಿನಿಂದ ಗಡಿಯಲ್ಲಿ ಸರಕು ತಡೆದುನಿಂತು ಪೆಟ್ರೋಲಿಗೂ ಅಡುಗೆ ಅನಿಲಕ್ಕೂ ಬರ ಬಂದಿತ್ತು. ಜನ ಸೌದೆ ಉರಿಸುತ್ತಿದ್ದರು. ಮೇಲೆ ಚಳಿ. ಕಷ್ಟ ಮುಗಿದಿರಲಿಲ್ಲ, ನೋಡಲು ಬರುವವರು ಮುಗಿದಿದ್ದರು. ಎರಡು ವಾರ ಸೌದೆ ಒಡೆದೆ, ಗ್ಯಾಸಿನ ಸಾಲಿನಲ್ಲಿ ನಿಂತೆ, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಇದೇನೂ ಸಾಹಸವಲ್ಲ, ಎರಡು ಕೈಯುಳ್ಳ ಯಾರಾದರೂ ಮಾಡಬಹುದಾದ್ದು.

ಆದ್ದರಿಂದ ಹೊರಟುನಿಂತಿರುವ ಮಹನೀಯರಲ್ಲಿ ನನ್ನ ಬಿನ್ನಹ ಇಷ್ಟೆ. ಏನು ಬೇಕು, ಯಾವಾಗ ಬರಲಿ ಎಂದು ಮೊದಲು ಅವರನ್ನೇ ಕೇಳಿ. ನಿಮ್ಮ ಅಕ್ಕಿ, ಹಾಸಿಗೆ, ಔಷಧಗಳನ್ನು ನೀವೇ ಒಯ್ಯಿರಿ. ಮಾಡಲು ಕೆಲಸವಿಲ್ಲದಿದ್ದರೆ ಈಗ ಹಣ ಕಳಿಸಿ, ಆರು ತಿಂಗಳಾದ ಮೇಲೆ ಹೋಗಿ. ಇದಾವುದೂ ಒಗ್ಗದೆ ಈಗಲೇ ನೋಡಬೇಕೆಂಬ ತವಕವಿದ್ದರೆ, ಹೋಗುವುದು ನಿಮ್ಮ ಸಮಾಧಾನಕ್ಕೇ ಎಂದು ಒಪ್ಪಿಕೊಂಡು ಹೋಟೆಲಿನಲ್ಲಿ ಇಳಿದುಕೊಳ್ಳಿ. ಆ ಊರಿನ ಹೋಟೆಲಿನವನಿಗಾದರೂ ನಾಲ್ಕು ಕಾಸು ಸಿಕ್ಕೀತು.